ಮರಿ ಉಳಿದ ವರ್ಷ, ಮರಿ ಉಳಿಯದ ವರ್ಷ



ಗುಂಡ್ಲುಪೇಟೆ, ಚಾಮರಾಜನಗರ ಮಳೆನೆರಳಿನ ಸೀಮೆ. ಮಲೆನಾಡಿನಲ್ಲಿ ಜಡಿಮಳೆ ಹಿಡಿದಿರುವ ಜೂನ್-ಜುಲೈಯಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಮೋಡ ಮತ್ತು ಗಾಳಿ. ನಮ್ಮ ಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ. ಅದೂ ಬಂದರೆ ಬಂತು. ಇಂಥ ಕಡೆ ಮೀನಿನ ಮಾತೇಕೆ ಎಂದು ಕೇಳಬಹುದು. ಒಂದು ವರ್ಷ ಹುಟ್ಟಿದ ಮರಿಗಳಲ್ಲಿ ಎಷ್ಟು ಉಳಿಯುತ್ತವೆ, ಮರುವರ್ಷ ಆ ಲೆಕ್ಕ ಏಕೆ ತಲೆಕೆಳಗಾಗುತ್ತದೆ ಎಂದು ತಿಳಿಯಲು ಇಂಥ ಸೀಮೆಯೇ ಸರಿಯಾದ ಜಾಗ ಎಂದು ನಾನು ನಂಬಿದ್ದೇನೆ.

ಮೊದಲು ಲೆಕ್ಕ ನೋಡೋಣ. ಒಂದು ಕಿಲೋ ತೂಗುವ ಸಾಮಾನ್ಯ ಗೆಂಡೆ ಲಕ್ಷದ ಆಸುಪಾಸು ಮೊಟ್ಟೆ ಇಡುತ್ತದೆ. ತಾಯಿ ತನ್ನ ಬಾಳಿನಲ್ಲಿ ಒಂದೇ ಲಕ್ಷ ಮೊಟ್ಟೆ ಇಟ್ಟಿತೆಂದುಕೊಳ್ಳಿ. ಅದರಲ್ಲಿ 99,998 ಸತ್ತು ಎರಡೇ ಮೀನು ದೊಡ್ಡವಾದರೂ ಕುಲ ಇದ್ದಷ್ಟೇ ಇರುತ್ತದೆ. 99,980 ಸತ್ತರೆ ಉಳಿದವು ಇಪ್ಪತ್ತು, ಅಂದರೆ ಹತ್ತುಪಟ್ಟು. ಸಾವಿನಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ಮೂರು ವರ್ಷದ ಮೇಲೆ ಬಲೆಯಲ್ಲಿ ಎದ್ದು ಕಾಣುವ ವ್ಯತ್ಯಾಸ.

ಆ ವ್ಯತ್ಯಾಸದ ಬಹುಪಾಲು ತೀರ್ಮಾನವಾಗುವುದು ಮೊದಲ ಕೆಲವೇ ದಿನಗಳಲ್ಲಿ. ಗೆಂಡೆಯ ಮೊಟ್ಟೆ ಜೊಂಡಿಗೆ ಅಂಟಿಕೊಂಡು ಎರಡು ಮೂರು ದಿನದಲ್ಲಿ ಒಡೆಯುತ್ತದೆ. ಹೊರಬಂದ ಮರಿ ಐದಾರು ಮಿಲಿಮೀಟರ್ ಉದ್ದ. ಕಣ್ಣುಗಳು ಎರಡು ಕಪ್ಪು ಚುಕ್ಕೆ, ಮೈ ಪಾರದರ್ಶಕ, ಹೊಟ್ಟೆಯಡಿ ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಒಂದು ಹಳದಿ ಚೀಲ. ಬುತ್ತಿ ತೀರಲು ಎರಡು ಮೂರು ದಿನ ಸಾಕು. ಆಮೇಲೆ ಅದರ ಸಣ್ಣ ಬಾಯಿಗೆ ಹಿಡಿಸುವ ಸೂಕ್ಷ್ಮಜೀವಿ ನೀರಿನಲ್ಲಿ ಸಿಗಲೇಬೇಕು. ಬಿರುಕುಬಿಟ್ಟ ಕೆರೆಯಂಗಳಕ್ಕೆ ಹೊಸನೀರು ನುಗ್ಗಿದಾಗ ಬೇಸಿಗೆಯಲ್ಲಿ ಮೇದ ದನದ ಸಗಣಿ, ಕೊಳೆತ ಹುಲ್ಲು ಎಲ್ಲ ನೀರಿಗೆ ಗೊಬ್ಬರವಾಗುತ್ತವೆ. ಮಣ್ಣಿನಲ್ಲಿ ಒಣಗಿ ಮಲಗಿದ್ದ ರೋಟಿಫರ್ ಎಂಬ ಸೂಕ್ಷ್ಮಜೀವಿಯ ಮೊಟ್ಟೆಗಳು ಒಡೆದು ನೀರೆಲ್ಲ ಆಹಾರವಾಗುತ್ತದೆ. ಮರಿಯ ಹಸಿವಿಗೂ ಈ ಸುಗ್ಗಿಗೂ ಕಾಲ ಕೂಡಿಬಂದರೆ ಅದು ಮರಿ ಉಳಿದ ವರ್ಷ. ಮೇ ಮಳೆ ಒಂದು ಬೀಸು ಬೀಸಿ ಕೈಕೊಟ್ಟರೆ ನೀರು ಹಿಂದೆ ಸರಿದು ಜೊಂಡಿನ ಬುಡದ ಮೊಟ್ಟೆ ಬಿಸಿಲಿಗೆ ಬೀಳುತ್ತದೆ.

ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲಿ ಸಮುದ್ರದ ಹೆರಿಂಗ್ ಮೀನಿನ ಬಗ್ಗೆ ಮರಿಯ ಮೊದಲ ಹಸಿವಿನ ಈ ಮಾತನ್ನೇ ಹೇಳಿದ. 1904ರಲ್ಲಿ ಹುಟ್ಟಿದ ಒಂದೇ ತಲೆಮಾರು ವರ್ಷಗಟ್ಟಲೆ ಅಲ್ಲಿನ ಬಲೆಗಳನ್ನು ತುಂಬಿತ್ತು. ನಮ್ಮ ಕೆರೆಗೂ ಈ ಮಾತು ಸಲ್ಲುತ್ತದೆ.

ಎಲ್ಲ ಮೀನಿಗೂ ಒಂದೇ ಪಾಡಲ್ಲ. ಕೊರವ ಮೀನು ಮೊಟ್ಟೆ ಇಡುವುದು ಕಡಿಮೆ, ಕಾಯುವುದು ಹೆಚ್ಚು. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಉಸಿರಿಗೆಂದು ಎದ್ದು ಮುಳುಗುತ್ತಿದ್ದರೆ ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಆ ಕಾವಲು ಮೀನನ್ನು ಹಿಡಿದರೆ ಇಡೀ ಸಂಸಾರವೇ ಹೋಯಿತು. ಕಾಟ್ಲಾ, ರೋಹು ಕೆರೆಯ ನಿಂತ ನೀರಿನಲ್ಲಿ ಮೊಟ್ಟೆಯನ್ನೇ ಇಡುವುದಿಲ್ಲ. ಅವಕ್ಕೆ ಹೊಳೆಯ ನೆರೆ ಬೇಕು. 1957ರಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಚುಚ್ಚುಮದ್ದಿನಿಂದ ಮರಿ ಮಾಡಿಸುವ ದಾರಿ ತೋರಿದ ಮೇಲೆಯೇ ಬಿತ್ತನೆ ಮರಿ ಊರೂರಿಗೆ ಸಿಗುವಂತಾಯಿತು. ಈಗ ಕಬಿನಿಯಿಂದ ನೀರೆತ್ತಿ ನಮ್ಮ ಕೆರೆಗಳನ್ನು ತುಂಬಿಸುತ್ತಿದ್ದಾರೆ. ರೈತರಿಗೆ ಅದು ದೊಡ್ಡ ಉಪಕಾರ. ಆದರೆ ಪೈಪಿನ ನೀರಿಗೆ ಕೆರೆ ತುಂಬಿದರೂ ಹಳ್ಳ ಹರಿಯುವುದಿಲ್ಲ. ಹರಿವ ನೀರಿಗೆ ಎದುರು ಈಜಿ ಮೊಟ್ಟೆ ಇಡಲು ಹೋಗುವ ನಾಡಮೀನುಗಳಿಗೆ ಕೆರೆ ತುಂಬಿದ ವರ್ಷವೂ ಬರಗಾಲವೇ.

ಮರಿ ಉಳಿಯದಿದ್ದರೂ ದೊಡ್ಡ ಮೀನು ಕಂಡು ಮೋಸಹೋಗುವುದು ಹೇಗೆಂಬುದಕ್ಕೆ ನಮ್ಮ ಕಾವೇರಿಯೇ ಸಾಕ್ಷಿ. ಹನೂರು ಕಾಡಿನ ಎದುರು ದಂಡೆಯ ಗಾಳಿಬೋರೆಯಲ್ಲಿ ಗಾಳ ಹಾಕಿ ಮಹಸೀರ್ ಎಂಬ ದೊಡ್ಡ ಹೊಳೆಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗೆ ಅಲ್ಲಿ ಹಿಡಿದ 6,161 ಮೀನುಗಳ ದಾಖಲೆಯನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರ ವಿಜ್ಞಾನಿಗಳು ಪರಿಶೀಲಿಸಿದರು. ಒಟ್ಟಾರೆ ಮೀನು ಹೆಚ್ಚಿತ್ತು. ಹೆಚ್ಚಿದ್ದು ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಸೀರ್. ಕಾವೇರಿಯದೇ ಆದ ಡುಬ್ಬದ ಮಹಸೀರ್ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಾ, ಸಿಕ್ಕವುಗಳ ಗಾತ್ರ ಮಾತ್ರ ದೊಡ್ಡದಾಗುತ್ತಾ ಹೋಗಿತ್ತು. ಹಿಡಿದವರಿಗೆ ಅದು ಹೆಮ್ಮೆ; ಹೊಳೆಗೆ ಅದು ಸಾವಿನ ಸುದ್ದಿ. ಮುದಿಮೀನು ಉಳಿದಿತ್ತು, ಮರಿ ಬರುತ್ತಿರಲಿಲ್ಲ. 2018ರಲ್ಲಿ ಆ ಮೀನಿಗೆ ಟಾರ್ ರೆಮದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅತಿ ಗಂಭೀರ ಅಪಾಯದ ಪಟ್ಟಿಗೂ ಸೇರಿತು.

ಅದರ ಕೊನೆಯ ನೆಲೆಗಳಲ್ಲಿ ಒಂದು ಮೋಯಾರ್, ಗುಂಡ್ಲುಪೇಟೆ ತಾಲ್ಲೂಕಿನ ಅಂಚಿನಲ್ಲಿ ಬಂಡೀಪುರಕ್ಕೂ ಮುದುಮಲೆಗೂ ನಡುವೆ ಹರಿಯುವ ಹೊಳೆ. ಅದರ ನೀರನ್ನು ವಿದ್ಯುತ್ತಿಗಾಗಿ ಕಟ್ಟಿ ಬಿಡುತ್ತಾರೆ. ಹೊಳೆ ಹಾಗೆ ದಿಢೀರನೆ ಏರಿ ಇಳಿದರೆ ಅಂಚಿನ ತೆಳುನೀರಿನ ಮರಿಗಳು ಬಂಡೆಗುಂಡಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮರಿಯ ಕಾಲ ನೋಡಿ ನೀರು ಬಿಡುವುದು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳು ಕೂತು ಮಾತಾಡಬೇಕಾದ ವಿಷಯ.

ಊರಿನವರು ಮಾಡಬೇಕಾದ್ದು ಅಷ್ಟು ಕಷ್ಟದ್ದಲ್ಲ. ಮೀನುಗಾರರ ಸಹಕಾರ ಸಂಘಗಳು ಎಷ್ಟು ಕಿಲೋ ಹಿಡಿದೆವೆಂದು ಬರೆದಿಡುತ್ತವೆ. ಅದೇ ಪುಸ್ತಕದಲ್ಲಿ ಇನ್ನೆರಡು ಸಾಲು ಸೇರಿಸಲಿ: ಈ ವರ್ಷ ಹೊಸನೀರು ಯಾವ ದಿನ ಬಂತು, ಅಂಚಿನಲ್ಲಿ ಮರಿ ಕಂಡದ್ದು ಯಾವಾಗ, ಯಾವ ಯಾವ ಜಾತಿಯದು. ಹಾಗೆಯೇ ಕೋಡಿ ಬಿದ್ದ ಮೊದಲ ಹದಿನೈದು ದಿನ ಕೋಡಿಹಳ್ಳಕ್ಕೆ ಸೊಳ್ಳೆಪರದೆಯ ಬಲೆ ಕಟ್ಟಬೇಡಿ, ಕಟ್ಟುವ ಹುಡುಗರನ್ನು ಕಂಡರೆ ಕರೆದು ಹೇಳಿ.