ದೇಹವನ್ನು ಕಲಿಯುವ ಬಗೆ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪುಣೆಗೆ ಬಂದ ನಮ್ಮಲ್ಲಿ ಕೆಲವರು ಲೇಥಿನ ಮುಂದೆ ನಿಲ್ಲುವವರು, ಕೆಲವರು ಲೆಕ್ಕ ಬರೆಯುವವರು. ಎಲ್ಲರ ಬಂಡವಾಳವೂ ಎರಡು ಕೈ. ಆ ಕೈಯೊಳಗೆ ಏನಿದೆಯೆಂದು ನಮಗೆ ಗೊತ್ತೆ? ಒಂದೊಂದು ಕೈಯಲ್ಲಿ 27 ಮೂಳೆಗಳು, ಮಣಿಕಟ್ಟಿನಲ್ಲೇ ಎಂಟು. ಬೆಳೆದ ಮನುಷ್ಯನ ಮೈಯಲ್ಲಿ ಒಟ್ಟು 206.

ದಾದಿಯರ ಶಿಕ್ಷಣಕ್ಕೆ, ವೈದ್ಯ ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಇಷ್ಟು ಹೆಸರುಗಳನ್ನು ನೆನಪಿಡುವುದು ಹೇಗೆ? ಮತ್ತೆ ಮತ್ತೆ ಓದುವುದು ಹಳೆಯ ರೂಢಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ವಿದ್ವಾಂಸರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪಾಠ ಸಾಮಾನ್ಯ ಗದ್ಯದ್ದು. ಒಂದು ಗುಂಪಿಗೆ ನಾಲ್ಕು ಅವಧಿಯೂ ಓದು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷ ಕಳೆದು ಕೇಳಿದಾಗ ಓದಿದವರೇ ಮುಂದು. ವಾರ ಕಳೆದು ಕೇಳಿದಾಗ ಓದಿದವರಲ್ಲಿ ಉಳಿದದ್ದು ನೂರಕ್ಕೆ ಸುಮಾರು 40. ಬರೆದವರಲ್ಲಿ ಸುಮಾರು 61.

ಈಗ ಮೊಬೈಲಿನಲ್ಲಿಯೇ ಇಂತಹ ಸಾಧನಗಳಿವೆ. ಚಿತ್ರ ಬರುತ್ತದೆ, ಹೆಸರು ಬರುವುದಿಲ್ಲ. ಬಾಣದ ಗುರುತು ತೋರಿದ ಮೂಳೆಯ ಹೆಸರನ್ನು ನಾವೇ ಹೇಳಬೇಕು. ತಪ್ಪಿದ ಪ್ರಶ್ನೆ ತಿರುಗಿ ಬರುತ್ತದೆ. ಕೈಯಾಡಿಸಿ ಕಲಿಯುವ ಈ ಬಗೆ ಹೊಸದೇನೂ ಅಲ್ಲ. 1543ರಲ್ಲಿಯೇ ವೆಸಾಲಿಯಸನು ಅಂಗಗಳನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸಿಕೊಳ್ಳುವ ಹಾಳೆಗಳನ್ನು ಅಚ್ಚು ಹಾಕಿಸಿದ್ದನು. ಮೊಬೈಲು ಬೇಡವೆನ್ನುವವರಿಗೆ ರಟ್ಟಿನ ಚೂರು ಸಾಕು. ಮುಂದೆ ಚಿತ್ರ, ಹಿಂದೆ ಹೆಸರು.

"ನಾವೇನು ಡಾಕ್ಟರರಾಗಬೇಕೆ?" ಎಂದು ಕೇಳಬಹುದು. ಹೆಬ್ಬೆರಳನ್ನು ಮೇಲೆತ್ತಿ ನೋಡಿರಿ. ಬುಡದಲ್ಲಿ ಒಂದು ಗುಣಿ ಬೀಳುತ್ತದೆ. ನಶ್ಯ ಏರಿಸುವವರು ಅಲ್ಲಿ ಪುಡಿ ಇಟ್ಟುಕೊಳ್ಳುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ನಶ್ಯದ ಡಬ್ಬಿಯೆಂದೇ ಹೆಸರು. ಅದರಡಿ ಇರುವುದು ದೋಣಿಯಾಕಾರದ ಸ್ಕೇಫಾಯ್ಡ್ ಮೂಳೆ. ಅಂಗೈ ಊರಿ ಬಿದ್ದಾಗ ಮಣಿಕಟ್ಟಿನ ಎಂಟರಲ್ಲಿ ಹೆಚ್ಚಾಗಿ ಮುರಿಯುವುದು ಇದೇ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಇದಕ್ಕೆ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದಲೇ ಒಳಬರುವುದರಿಂದ, ಅಲಕ್ಷಿಸಿದರೆ ಮೂಳೆ ಕೂಡದೆ ಹೋಗುವ ಭಯವುಂಟು. ಬರಿಯ ಉಳುಕೆಂದು ಎಣ್ಣೆ ತಿಕ್ಕಿ ಮರುದಿನ ಪಾಳಿಗೆ ಹೋದವನು ಕೈಯ ಹಿಡಿತವನ್ನೇ ಕಳೆದುಕೊಂಡಾನು. ಆ ಗುಣಿಯಲ್ಲಿ ನೋವಿದೆಯೆಂದು ಬೆರಳಿಟ್ಟು ತೋರಿಸಬಲ್ಲವನು ಡಾಕ್ಟರರಿಗೆ ಅರ್ಧ ದಾರಿ ತೋರಿಸಿದಂತೆ.

ಆದುದರಿಂದ ಬಂಧುಗಳೆ, ಓದಿದ ಮೇಲೆ ಪುಸ್ತಕ ಮುಚ್ಚಿರಿ. ಮಕ್ಕಳಿಗೆ ಕೇಳಿರಿ, ಮಕ್ಕಳಿಂದ ಕೇಳಿಸಿಕೊಳ್ಳಿರಿ. ಉತ್ತರ ತಪ್ಪಿದರೆ ನಾಚಬೇಕಾದುದಿಲ್ಲ, ಸರಿಯಾದುದನ್ನು ಕೂಡಲೆ ನೋಡಿಕೊಂಡರಾಯಿತು. ಇಂದಿಗೆ ಮಣಿಕಟ್ಟಿನ ಎಂಟು ಮೂಳೆ ಸಾಕು. ಮುಂದಿನ ವಾರ ಅವನ್ನೇ ಮತ್ತೆ ಕೇಳಿಕೊಳ್ಳೋಣ.