641 ಮುರಿದ ನಂಬಿಕೆ

3, 5, 17, 257, 65,537. ಯಾವುದೇ ಒಂದರಿಂದ ಒಂದು ಕಳೆದು, ಉಳಿದದ್ದನ್ನು ಅದರಿಂದಲೇ ಗುಣಿಸಿ, ಒಂದು ಕೂಡಿಸಿದರೆ ಮುಂದಿನದು ಸಿಗುತ್ತದೆ. ಐದೂ ಅವಿಭಾಜ್ಯ ಸಂಖ್ಯೆಗಳು. ಹಾಗಾಗಿ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. ಆರನೆಯದು 429 ಕೋಟಿ 49 ಲಕ್ಷ 67 ಸಾವಿರದ 297. ಇದನ್ನು ಪರೀಕ್ಷಿಸುವುದು ಸುಲಭವಲ್ಲ.

1732ರಲ್ಲಿ ಆಯ್ಲರ್ ಇದನ್ನು ಒಡೆದ: 641 × 67,00,417. ಇದರ ಭಾಜಕ ಯಾವುದಿದ್ದರೂ, 64ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು ಎಂಬುದನ್ನೂ ಆತ ಮುಂದೆ ಸಾಧಿಸಿ ತೋರಿಸಿದ. ಅಂಥ ಅವಿಭಾಜ್ಯಗಳು 193, 257, 449, 577, ಐದನೆಯದೇ 641!

ಸಾಲಿನಲ್ಲಿ ಆರನೆಯ ಅವಿಭಾಜ್ಯ ಇಂದಿಗೂ ಸಿಕ್ಕಿಲ್ಲ. ಇಲ್ಲವೆಂದು ಯಾರೂ ಸಾಧಿಸಿಯೂ ಇಲ್ಲ. ಐದು ಉದಾಹರಣೆ ನಂಬಿಕೆಗೆ ಸಾಕು, ಸಾಧನೆಗೆ ಸಾಲದು. ಅನುಮಾನವಿದ್ದರೆ ಪೆನ್ಸಿಲ್ ಹಿಡಿದು ಗುಣಿಸಿ ನೋಡಿ.