ಹಕ್ಕುಗಳ ಪಟ್ಟಿ ಏತಕ್ಕೆ?
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂಗ್ಲೆಂಡಿನಲ್ಲಿ ಒಂದೇ ಗ್ರಂಥವಾಗಿ ಬರೆದಿಟ್ಟ ಸಂವಿಧಾನವಿಲ್ಲ. ಆದರೂ ಅಲ್ಲಿಯ ಜನ ಸ್ವತಂತ್ರರಾಗಿಯೇ ಬಾಳಿದರು. ನಮಗೇಕೆ ಮೂಲಭೂತ ಹಕ್ಕುಗಳ ಈ ಉದ್ದನೆಯ ಪಟ್ಟಿ, ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಇಂಗ್ಲೆಂಡು ಕೂಡ 1998ರಲ್ಲಿ ಮಾನವ ಹಕ್ಕುಗಳ ಕಾಯದೆ ಮಾಡಿಕೊಂಡಿತೆಂಬುದನ್ನು ಅವರು ಮರೆಯುತ್ತಾರೆ. ಅದಿರಲಿ. ನಾನು ಅಷ್ಟು ದೂರ ಹೋಗದೆ ಈ ಮುಂಬಯಿಯ ಫುಟ್‌ಪಾತಿನ ಸಂಗತಿಯನ್ನೇ ಹೇಳುತ್ತೇನೆ.

1981ರ ಜುಲೈ ತಿಂಗಳು, ಮಳೆಗಾಲ. ಫುಟ್‌ಪಾತಿನಲ್ಲಿ ಗುಡಿಸಲು ಹಾಕಿಕೊಂಡವರನ್ನು ಎಬ್ಬಿಸಿ ಅವರವರ ಊರಿಗೆ ಸಾಗಿಸುವುದೆಂದು ಮುಖ್ಯಮಂತ್ರಿಗಳು ಸಾರಿದರು. ನೋಟೀಸು ಕೊಡದೆಯೇ ತೆರವು ಮಾಡಿಸುವ ಅಧಿಕಾರ 1888ರ ಮುನಿಸಿಪಲ್ ಕಾಯದೆಯಲ್ಲಿತ್ತು. ಹೊಟ್ಟೆಪಾಡಿಗೆ ಬಂದವನಿಗೆ "ನಿನ್ನ ಊರಿಗೆ ನಡೆ" ಎಂಬ ಮಾತು ಹೇಗೆ ನಾಟುವುದೆಂದು ಇಲ್ಲಿ ಕುಳಿತವರಿಗೆ ಬೇರೆ ಹೇಳಬೇಕಾಗಿಲ್ಲ.

ಅವರ ಕೈಯಲ್ಲಿದ್ದುದು ಸಂವಿಧಾನದ 19 ಮತ್ತು 21ನೆಯ ವಿಧಿಗಳು: ದೇಶದಲ್ಲಿ ಎಲ್ಲಿಯಾದರೂ ನೆಲೆಸುವ ಹಕ್ಕು, ಜೀವದ ಹಕ್ಕು. ಪತ್ರಕರ್ತೆ ಓಲ್ಗಾ ಟೆಲಿಸ್ ಮೊದಲಾದವರೂ ಗುಡಿಸಲಿನವರೂ ಸುಪ್ರೀಂ ಕೋರ್ಟಿಗೆ ಹೋದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರು ತೀರ್ಪಿತ್ತರು: ಜೀವನೋಪಾಯವನ್ನು ಕಸಿದರೆ ಜೀವವನ್ನೇ ಕಸಿದಂತಾಯಿತು, ಆದುದರಿಂದ ಅದೂ 21ನೆಯ ವಿಧಿಯೊಳಗೆ ಸೇರಿದೆ.

ಸಂತೋಷ. ಆದರೆ ಗುಡಿಸಲು ಉಳಿಯಿತೇ? ಇಲ್ಲ. ನ್ಯಾಯವಾದ ಕ್ರಮದಿಂದ ತೆರವು ಮಾಡಬಹುದೆಂದು ಅದೇ ತೀರ್ಪು ಹೇಳಿತು. ಮಳೆ ಮುಗಿದು ಅಕ್ಟೋಬರ್ 31 ಕಳೆಯುವ ತನಕ ಮುಟ್ಟಕೂಡದು. 1976ರ ಗಣತಿಯಲ್ಲಿ ಸೇರಿದವರಿಗೆ ಬೇರೆ ಜಾಗ ಕೊಡಬೇಕು. ಆ ಜಾಗ ಕೊಟ್ಟ ಮೇಲೆಯೇ ಎಬ್ಬಿಸಬೇಕೆಂಬ ನಿರ್ಬಂಧವೂ ಇಲ್ಲ! ಇಷ್ಟಕ್ಕೇ ಪಟ್ಟಿ ಬೇಕೇ ಎಂದೀರಿ. ಪಟ್ಟಿಯಿಲ್ಲದಿದ್ದರೆ 1888ರ ಕಾಯದೆಯ ಎದುರು ಆ ಬಡವರಿಗೆ ನಿಂತು ಮಾತಾಡುವ ನೆಲವೇ ಇರುತ್ತಿರಲಿಲ್ಲ.

ಇನ್ನೊಂದು ಕಹಿ ಸಂಗತಿಯನ್ನೂ ಮುಚ್ಚಿಡಲಾರೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ವಿಚಾರಣೆಯಿಲ್ಲದೆ ಸೆರೆಯಾದವನು ಬಿಡುಗಡೆಗಾಗಿ ಕೋರ್ಟಿಗೆ ಬರುವಂತಿಲ್ಲವೆಂದು ತೀರ್ಪಿತ್ತ ನಾಲ್ವರಲ್ಲಿ ಇದೇ ಚಂದ್ರಚೂಡರೂ ಒಬ್ಬರು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. ಅಂದು 21ನೆಯ ವಿಧಿಯ ಒಂದಕ್ಷರವೂ ಅಳಿದಿರಲಿಲ್ಲ. ಪುಸ್ತಕದಲ್ಲಿ ಹಾಗೆಯೇ ಇತ್ತು. 1977ರಲ್ಲಿ ಮತದಾರರು ಆ ಸರ್ಕಾರವನ್ನು ಇಳಿಸಿದರು. ಮರುವರ್ಷದ 44ನೆಯ ತಿದ್ದುಪಡಿಯಿಂದ, ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ಅಮಾನತಿನಲ್ಲಿಡಕೂಡದೆಂದಾಯಿತು. ಆ ಹಳೆಯ ತೀರ್ಪನ್ನೇ ಕೋರ್ಟು ತಳ್ಳಿಹಾಕಿದ್ದು 2017ರಲ್ಲಿ. ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಹಳೆಯದು ತಪ್ಪೆಂದು ಬರೆದವರು ಆ ಚಂದ್ರಚೂಡರ ಮಗ. ನಡುವೆ 41 ವರ್ಷ ಹಿಡಿಯಿತು.

ಸಂವಿಧಾನದ ಕನ್ನಡ ಪ್ರತಿ ಈ ಕಪಾಟಿನಲ್ಲಿಯೇ ಇದೆ. ಮೂರನೆಯ ಭಾಗ, 12ರಿಂದ 35ನೆಯ ವಿಧಿಯ ತನಕ. ಬರುವ ಭಾನುವಾರ ಪಾಳಿ ಮುಗಿಸಿ ಬಂದರೆ ಕೂಡಿ ಓದೋಣ.